ಸಂಜೆ ಐದರ ಗಡುವು: ಒಂದು ಗಾಲ್ಫ್ ಪೂಲ್‌ನ ಪ್ರಕರಣ

ಗಾಲ್ಫ್ ಟೂರ್ನಿಯಲ್ಲಿ ಯಾರು ಚೆನ್ನಾಗಿ ಆಡುತ್ತಾರೆ ಅಂತ ಊಹಿಸುವ ಪುಟ್ಟ ಆಟ ನಮ್ಮದು, ಅದಕ್ಕೆ ಪೂಲ್ ಅನ್ನುತ್ತೇವೆ. ಚಿಕ್ಕಮಗಳೂರಿನ ಹನ್ನೆರಡು ಜನ ಗೆಳೆಯರ ಆ ಆಟದಲ್ಲಿ 2025ರ ಜುಲೈನಲ್ಲಿ ಎದ್ದ ಜಗಳ ಇದು. ಆಟ ನಡೆಸುತ್ತಿದ್ದವನು ನಾನೇ. ಯಾರ ಹೆಸರನ್ನೂ ಬರೆದಿಲ್ಲ. ಜಗಳ ಯಾರ ಸುತ್ತ ಎದ್ದಿತೋ ಆ ಗೆಳೆಯರ ತೋಟ ಯಾವ ಕಡೆ, ಯಾರು ಯಾವ ಆಟಗಾರನನ್ನು ಆರಿಸಿದ್ದರು ಅನ್ನುವುದನ್ನೂ ಬಿಟ್ಟಿದ್ದೇನೆ. ನಮ್ಮ ಕಡೆ ಒಂದು ಸುಳಿವು ಸಿಕ್ಕರೆ ಸಾಕು, ಮನೆ ಯಾವುದು ಅಂತ ಹೇಳಿಬಿಡುತ್ತಾರೆ. ಬರೆಯುವ ಮುಂಚೆ ತೋಟದವರ ಒಪ್ಪಿಗೆ ಕೇಳಿದ್ದೇನೆ, ಅವರು ಕೊಟ್ಟಿದ್ದಾರೆ.

ನಮ್ಮೂರಲ್ಲಿ ಗಾಲ್ಫ್ ಹೊಸದಲ್ಲ. ಕಾಫಿ ತೋಟದವರ ಜೊತೆ ಬಂದ ಆಟ, ಕೋರ್ಸ್ ಕೂಡ ಇದೆ. ಆದರೆ ನಮ್ಮ ಹನ್ನೆರಡು ಜನರಲ್ಲಿ ನಿಜವಾಗಿ ಕೋಲು ಹಿಡಿದು ಆಡುವವರು ಐದೇ ಜನ. ಉಳಿದವರು ನೋಡುವವರು. ಅವರೆಲ್ಲ ಈ ಆಟಕ್ಕೆ ಬಿದ್ದದ್ದು 2021ರ ಆಗಸ್ಟ್ 7ರ ಬೆಳಗ್ಗೆ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಪದಕದ ಹತ್ತಿರ ಬಂದಿದ್ದರು. ಬರ್ಡಿ ಅಂದರೆ ಏನು ಅಂತ ಗೊತ್ತಿಲ್ಲದವರೂ ಬೆಳಗ್ಗೆ ಎದ್ದು ಟಿವಿ ಮುಂದೆ ಕೂತಿದ್ದರು. ಗುಡುಗು ಮಳೆಗೆ ಆಟ ನಿಂತಾಗಲೂ ಯಾರೂ ಏಳಲಿಲ್ಲ. ಕೊನೆಗೆ ಒಂದೇ ಒಂದು ಸ್ಟ್ರೋಕ್‌ಗೆ, ಅಂದರೆ ಒಂದು ಹೊಡೆತಕ್ಕೆ, ಕಂಚು ತಪ್ಪಿ ಅದಿತಿ ನಾಲ್ಕನೆಯವರಾದರು. ಆ ಒಂದು ಸ್ಟ್ರೋಕ್ ಬಗ್ಗೆ ನಾವು ವಾರಗಟ್ಟಲೆ ಮಾತಾಡಿದೆವು. ಹಾಗೆ ಮಾತಾಡುತ್ತಲೇ ಪೂಲ್ ಹುಟ್ಟಿತು.

2022ರ ಮಾಸ್ಟರ್ಸ್‌ನಿಂದ ಶುರು ಮಾಡಿದೆವು. ವರ್ಷಕ್ಕೆ ನಾಲ್ಕು ಮೇಜರ್ ಟೂರ್ನಿ: ಏಪ್ರಿಲ್‌ನಲ್ಲಿ ಮಾಸ್ಟರ್ಸ್, ಮೇ ತಿಂಗಳಲ್ಲಿ ಪಿಜಿಎ ಚಾಂಪಿಯನ್‌ಶಿಪ್, ಜೂನ್‌ನಲ್ಲಿ ಯುಎಸ್ ಓಪನ್, ಜುಲೈನಲ್ಲಿ ಬ್ರಿಟನ್ ಕಡೆಯ ಓಪನ್. ಆಟಗಾರರನ್ನು ವಿಶ್ವ ರ್‍ಯಾಂಕಿಂಗ್ ನೋಡಿ ಆರು ಗುಂಪು ಮಾಡುತ್ತೇನೆ. ಪ್ರತಿ ಗುಂಪಿನಿಂದ ಒಬ್ಬೊಬ್ಬರನ್ನು ಆರಿಸಬೇಕು. ಆರರಲ್ಲಿ ಚೆನ್ನಾಗಿ ಆಡಿದ ನಾಲ್ವರ ಸ್ಕೋರ್ ಮಾತ್ರ ಲೆಕ್ಕಕ್ಕೆ. ಗಾಲ್ಫ್‌ನಲ್ಲಿ ಕಡಿಮೆ ಹೊಡೆತ ಹೊಡೆದವನೇ ಮುಂದೆ; ಕೋರ್ಸ್‌ಗೆ ಗೊತ್ತು ಮಾಡಿದ ಹೊಡೆತಕ್ಕಿಂತ ಹೆಚ್ಚಾದರೆ ಓವರ್, ಕಡಿಮೆಯಾದರೆ ಅಂಡರ್. ಎರಡು ದಿನದ ನಂತರ ಕಟ್ ದಾಟದೆ, ಅಂದರೆ ಮುಂದುವರಿಯುವಷ್ಟು ಸ್ಕೋರ್ ಇಲ್ಲದೆ, ಮನೆಗೆ ಹೋದವನಿಗೆ ಉಳಿದ ಎರಡು ದಿನಕ್ಕೂ ದಿನಕ್ಕೆ ಎಂಟು ಓವರ್ ಹಾಕುತ್ತೇವೆ. ಸಮ ಆದರೆ, ಗೆದ್ದ ಆಟಗಾರನ ಒಟ್ಟು ಸ್ಟ್ರೋಕ್ ಎಷ್ಟು ಅಂತ ಯಾರು ಹತ್ತಿರ ಊಹಿಸಿದ್ದಾರೋ ಅವರಿಗೆ ಗೆಲುವು.

ಮೊದಲ ವರ್ಷ ತಲೆಗೆ ಐನೂರು ರೂಪಾಯಿ ಹಾಕಿದ್ದೆವು. ನಮ್ಮಲ್ಲಿ ಬ್ಯಾಂಕಿನವರೊಬ್ಬರಿದ್ದಾರೆ, ಇದು ಬೇಡ ಅಂದರು. ದುಡ್ಡು ಕಟ್ಟಿ ಊಹಿಸಿದರೆ ಅದು ಬಾಜಿ, ಕರ್ನಾಟಕ ಪೊಲೀಸ್ ಕಾಯ್ದೆ, 1963ರ ಕೆಳಗೆ ಬರುವ ವಿಷಯ. ಅವರು ಹೇಳಿದ್ದು ಸರಿ ಇತ್ತು. 2023ರಿಂದ ದುಡ್ಡು ನಿಂತಿತು. ಬದಲಿಗೆ ಒಂದು ಹಳೇ ಏಳನೇ ನಂಬರ್ ಐರನ್, ಅಂದರೆ ಗಾಲ್ಫ್ ಕೋಲು, ಬಂತು. ಹಿಡಿಯ ರಬ್ಬರ್ ಸವೆದು ಒಳಗಿನ ಕಬ್ಬಿಣ ಕಾಣುತ್ತದೆ, ತಲೆಯ ಒಂದು ಮೂಲೆಗೆ ತುಕ್ಕು ಹಿಡಿದಿದೆ. ನಾಲ್ಕು ಟೂರ್ನಿ ಸೇರಿಸಿ ಗೆದ್ದವರ ಮನೆಯಲ್ಲಿ ವರ್ಷ ಪೂರ್ತಿ ಅದು ಇರುತ್ತದೆ. ಐನೂರು ರೂಪಾಯಿ ಇದ್ದಾಗ ಯಾರೂ ಅಷ್ಟು ತಲೆ ಕೆಡಿಸಿಕೊಂಡಿರಲಿಲ್ಲ. ಆ ಕೋಲಿಗೆ ಮಾತ್ರ ಎಲ್ಲರೂ ಮನಸ್ಸಿಟ್ಟು ಆಡತೊಡಗಿದರು.

ಇನ್ನು ಗಡುವಿನ ವಿಷಯ. 2022ರ ಏಪ್ರಿಲ್‌ನಲ್ಲಿ ನಾನು ಬರೆದ ನಿಯಮ ಒಂದೇ ಸಾಲು: “ಪಟ್ಟಿ ಗುರುವಾರ ಸಂಜೆ 5ರ ಒಳಗೆ ನನಗೆ ಬರಬೇಕು.” ಮಾಸ್ಟರ್ಸ್ ನಡೆಯುವ ಅಗಸ್ಟಾದಲ್ಲಿ ಏಪ್ರಿಲ್ ಹೊತ್ತಿಗೆ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ಅಲ್ಲಿ ಬೆಳಗ್ಗೆ ಮೊದಲ ಹೊಡೆತ ಬೀಳುವಾಗ ಇಲ್ಲಿ ಸಂಜೆ ಐದು ದಾಟಿರುತ್ತದೆ. ಆ ಟೂರ್ನಿಗೆ ನಿಯಮ ಸರಿಯಾಗಿಯೇ ಇತ್ತು. ನಾನು ಅದನ್ನೇ ನಾಲ್ಕಕ್ಕೂ ಉಳಿಸಿಕೊಂಡೆ.

ಉಳಿದ ವಿಷಯದಲ್ಲಿ ನಾನು ಅಸಡ್ಡೆ ಮಾಡಿದವನಲ್ಲ. ಕಟ್ ಒಂದೊಂದು ಟೂರ್ನಿಗೆ ಒಂದೊಂದು ಥರ: ಮಾಸ್ಟರ್ಸ್‌ನಲ್ಲಿ ಮೊದಲ 50 ಮತ್ತು ಅವರಿಗೆ ಸಮ ಇದ್ದವರು, ಯುಎಸ್ ಓಪನ್‌ನಲ್ಲಿ 60, ಪಿಜಿಎ ಮತ್ತು ಓಪನ್‌ನಲ್ಲಿ 70. ಅದಕ್ಕೆಲ್ಲ ಶೀಟ್‌ನಲ್ಲಿ ಬೇರೆ ಬೇರೆ ಸಾಲು ಮಾಡಿಟ್ಟಿದ್ದೆ. ಗಡಿಯಾರಕ್ಕೆ ಮಾತ್ರ ಸಾಲು ಇರಲಿಲ್ಲ.

ಓಪನ್ ನಡೆಯುವ ಕಡೆ ಜುಲೈನಲ್ಲಿ ನಮಗಿಂತ ನಾಲ್ಕೂವರೆ ಗಂಟೆ ಮಾತ್ರ ಹಿಂದೆ. ಅಲ್ಲಿ ಬೇಸಿಗೆಯ ಹಗಲು ಉದ್ದ, ಹಾಗಾಗಿ ಬೆಳಕು ಹರಿಯುತ್ತಲೇ ಆಟ ಶುರು. 2025ರಲ್ಲಿ ಉತ್ತರ ಐರ್ಲೆಂಡಿನ ರಾಯಲ್ ಪೋರ್ಟ್‌ರಶ್‌ನಲ್ಲಿ ಪಾಡ್ರಿಗ್ ಹ್ಯಾರಿಂಗ್ಟನ್ ಮೊದಲ ಹೊಡೆತ ಹೊಡೆದದ್ದು ಜುಲೈ 17ರ ಬೆಳಗ್ಗೆ 6:35ಕ್ಕೆ. ನಮಗೆ ಅದು 11:05. ಅಂದರೆ ನಮ್ಮ ಗಡುವು ಮುಗಿಯುವ ಹೊತ್ತಿಗೆ ಅಲ್ಲಿ ಆರು ಗಂಟೆ ಆಟ ಆಗಿಹೋಗಿರುತ್ತದೆ. 2022, 2023, 2024ರ ಓಪನ್‌ಗಳಲ್ಲೂ ಇದೇ ತೂತು ಇತ್ತು. ಎಲ್ಲರೂ ಹೇಗೂ ಬುಧವಾರವೇ ಪಟ್ಟಿ ಕಳಿಸುತ್ತಿದ್ದರು, ಯಾರ ಕಣ್ಣಿಗೂ ಬೀಳಲಿಲ್ಲ. 2023ರಲ್ಲಿ ಶುಭಂಕರ್ ಶರ್ಮಾ ಎಂಟನೇ ಸ್ಥಾನ ಹಂಚಿಕೊಂಡಾಗ ನಾವೆಲ್ಲ ಕುಣಿದಾಡಿದೆವು. ಆಗಲೂ ಯಾರಿಗೂ ಗಡಿಯಾರ ನೋಡಬೇಕು ಅನ್ನಿಸಲಿಲ್ಲ. ಆಮೇಲೆ ಕೂತು ಲೆಕ್ಕ ಹಾಕಿದಾಗ ಇನ್ನೊಂದು ತಿಳಿಯಿತು. ಪಿಜಿಎ ಮತ್ತು ಯುಎಸ್ ಓಪನ್ ಕೂಡ ಅಮೆರಿಕದ ಪೂರ್ವ ಭಾಗದಲ್ಲಿ ನಡೆದ ವರ್ಷ ನಮ್ಮ ಸಂಜೆ ನಾಲ್ಕೂವರೆಯ ಆಸುಪಾಸಿನಲ್ಲಿ ಶುರುವಾಗುತ್ತವೆ. ಅಂಥ ವರ್ಷ ನನ್ನ ನಿಯಮ ನಾಲ್ಕರಲ್ಲಿ ಒಂದಕ್ಕೆ ಮಾತ್ರ ಸರಿ ಇತ್ತು.

ಆ ವಾರ ಪುನರ್ವಸು ಮಳೆ ಜೋರಾಗಿತ್ತು. ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯರಾದ ತೋಟದವರ ಮನೆ ಊರಿಂದ ದೂರ, ಒಳಗೆ. ಮಂಗಳವಾರ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಯಿತು. ಬುಧವಾರ ಟವರ್ ಕೂಡ ಹೋಯಿತು. ಮಲೆನಾಡಿನಲ್ಲಿ ಜುಲೈ ಅಂದರೆ ಇದು ಮಾಮೂಲಿ. ಗುರುವಾರ ಅವರು ಜನರೇಟರ್‌ಗೆ ಡೀಸೆಲ್ ತರಲು ಜೀಪಿನಲ್ಲಿ ಪೇಟೆಗೆ ಇಳಿದರು. ದಾರಿಯಲ್ಲಿ ಮೊಬೈಲ್‌ಗೆ ಸಿಗ್ನಲ್ ಸಿಕ್ಕಿತು. ಮಧ್ಯಾಹ್ನ 3:40ಕ್ಕೆ ನನಗೆ ವಾಟ್ಸಾಪ್ ಬಂತು. ಆರು ಹೆಸರು, ಕೆಳಗೆ ಒಂದು ಸಾಲು: “ನಿನ್ನೆಯೇ ಕಳಿಸಬೇಕಿತ್ತು, ಟವರ್ ಇರಲಿಲ್ಲ.”

ನಾಲ್ಕಕ್ಕೆ ನಾನು ಅದನ್ನು ಶೀಟ್‌ಗೆ ಹಾಕಿ ಗುಂಪಿನಲ್ಲಿ ಎಲ್ಲರ ಪಟ್ಟಿ ಬಿಟ್ಟೆ. ನಾಲ್ಕೂ ಇಪ್ಪತ್ತಕ್ಕೆ ಕಾಫಿ ಬೀಜ ಹದ ಮಾಡುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕೆಲಸ ಮಾಡುವ ಗೆಳೆಯರು ಬರೆದರು: “ಆಟ ಹನ್ನೊಂದಕ್ಕೇ ಶುರುವಾಗಿದೆ. ಈಗ ಪಟ್ಟಿ ಹೇಗೆ ತಗೋತೀರಾ?” ಅವರು ಇನ್ನೊಂದನ್ನೂ ತೋರಿಸಿದರು. ಆ ಆರು ಹೆಸರಲ್ಲಿ ಕೊನೆಯ ಗುಂಪಿನ ಒಬ್ಬ ಆಟಗಾರ ಬೆಳಗ್ಗೆಯೇ ಇಳಿದಿದ್ದ. ಚೆನ್ನಾಗಿಯೂ ಆಡುತ್ತಿದ್ದ. ಅವನನ್ನು ನಮ್ಮಲ್ಲಿ ಬೇರೆ ಯಾರೂ ಆರಿಸಿರಲಿಲ್ಲ.

ಇಲ್ಲಿಂದ ರಾತ್ರಿ ಹತ್ತರವರೆಗೆ ನಾನು ತೆಗೆದುಕೊಂಡ ತೀರ್ಮಾನಗಳೇ ಈ ಪ್ರಕರಣದ ತಿರುಳು. ಆರು ಗಂಟೆಯಲ್ಲಿ ಮೂರು ಥರದ ತೀರ್ಮಾನ ಮಾಡಿದೆ.

ಮೊದಲು, ಪಟ್ಟಿ ನಡೆಯುತ್ತದೆ ಅಂದೆ. ನಿಯಮದಲ್ಲಿ ಐದು ಗಂಟೆ ಅಂತಿದೆ, ಅವರು 3:40ಕ್ಕೆ ಕಳಿಸಿದ್ದಾರೆ, ಮುಗಿಯಿತು. ಈಗಲೂ ನನ್ನ ಅಭಿಪ್ರಾಯ ಇದೇ. ಆದರೆ ಆಗ ನಾನದನ್ನು ಗಟ್ಟಿಯಾಗಿ ಹೇಳಲಿಲ್ಲ. “ಸದ್ಯಕ್ಕೆ ಇರಲಿ, ನೋಡೋಣ” ಅಂತ ಸೇರಿಸಿದೆ. ಆ “ನೋಡೋಣ” ಅನ್ನುವ ಒಂದು ಮಾತು ಎಲ್ಲರಿಗೂ ಬಾಗಿಲು ತೆರೆದುಬಿಟ್ಟಿತು.

ಗುಂಪಿನಲ್ಲಿ ಎರಡು ಪಕ್ಷ ಆಯಿತು. ನಿವೃತ್ತ ಮೇಷ್ಟ್ರು 1968ರ ಮಾಸ್ಟರ್ಸ್ ಕಥೆ ತೆಗೆದರು. ಅರ್ಜೆಂಟೀನಾದ ರಾಬರ್ಟೋ ಡಿ ವಿಸೆಂಜೊ ಕೊನೆಯ ದಿನ 17ನೇ ಹೋಲ್ ಅನ್ನು ಮೂರು ಹೊಡೆತದಲ್ಲಿ ಮುಗಿಸಿದ್ದರು. ಜೊತೆಯಲ್ಲಿ ಆಡುತ್ತಿದ್ದವರು ಸ್ಕೋರ್ ಕಾರ್ಡ್‌ನಲ್ಲಿ ನಾಲ್ಕು ಅಂತ ಬರೆದರು. ಡಿ ವಿಸೆಂಜೊ ನೋಡದೆ ಸಹಿ ಹಾಕಿದರು. ಲಕ್ಷಾಂತರ ಜನ ನೋಡಿದ್ದರೂ ಬರೆದದ್ದೇ ನಿಂತಿತು. ಒಂದು ಸ್ಟ್ರೋಕ್‌ನಿಂದ ಬಾಬ್ ಗೋಲ್ಬಿ ಗೆದ್ದರು. ಬರೆದದ್ದು ಬರೆದದ್ದೇ, ಹಾಗಾಗಿ ತೋಟದವರ ಪಟ್ಟಿ ನಡೆಯಬೇಕು ಅನ್ನುವುದು ಮೇಷ್ಟ್ರ ವಾದ. ಡಾಕ್ಟ್ರು ಇನ್ನೊಂದು ದಾರಿಯಿಂದ ಅದೇ ಮಾತಿಗೆ ಬಂದರು. 1925ರ ಯುಎಸ್ ಓಪನ್‌ನಲ್ಲಿ ಬಾಬಿ ಜೋನ್ಸ್ ಹುಲ್ಲಿನಲ್ಲಿ ಚೆಂಡು ಅಲುಗಿತು ಅಂತ ತಾವೇ ಹೇಳಿ ಒಂದು ಸ್ಟ್ರೋಕ್ ದಂಡ ಹಾಕಿಸಿಕೊಂಡರು. ಬೇರೆ ಯಾರೂ ನೋಡಿರಲಿಲ್ಲ. ಕೊನೆಗೆ ಸ್ಕೋರ್ ಸಮ ಆಗಿ, ಪ್ಲೇಆಫ್‌ನಲ್ಲಿ ಸೋತರು. ಈ ಆಟದಲ್ಲಿ ಆಟಗಾರನ ಮಾತನ್ನು ನಂಬುತ್ತಾರೆ, ನಾವು ನಮ್ಮ ಅಣ್ಣನ ಮಾತನ್ನು ನಂಬಬಾರದಾ ಅಂತ ಕೇಳಿದರು.

ಆ ವರ್ಷದ ಪಟ್ಟಿಯಲ್ಲಿ ಡಾಕ್ಟ್ರು ಎರಡನೇ ಸ್ಥಾನದಲ್ಲಿದ್ದರು ಅನ್ನುವುದನ್ನು ಇಲ್ಲಿ ಹೇಳಲೇಬೇಕು. ಮೊದಲಿದ್ದವರು ತೋಟದವರು. ಮೂರು ಟೂರ್ನಿ ಸೇರಿ ತೋಟದವರದು ಒಂಬತ್ತು ಅಂಡರ್, ಡಾಕ್ಟ್ರದು ನಾಲ್ಕು ಅಂಡರ್. ಪಟ್ಟಿ ಬಿದ್ದುಹೋದರೆ ಲಾಭ ಡಾಕ್ಟ್ರಿಗೇ. ಆದರೂ ನಡೆಯಲಿ ಅಂದವರು ಅವರು.

ಎದುರು ಪಕ್ಷದ ಮಾತಿನಲ್ಲೂ ಹುರುಳಿತ್ತು. ಆಟ ಶುರುವಾದ ಮೇಲೆ ಊಹೆ ಅನ್ನುವುದೇ ಇಲ್ಲ. ನಾಲ್ಕೂವರೆ ಗಂಟೆ ಆಟ ನೋಡಿ ಆರಿಸಬಹುದಾದರೆ ಬುಧವಾರ ಕಳಿಸಿದವರು ದಡ್ಡರಾ? ತೋಟದವರ ಮೇಲೆ ಅನುಮಾನ ಇಲ್ಲ, ಆದರೆ ನಾಳೆ ಬೇರೆಯವರು ಹೀಗೆ ಮಾಡಿದರೆ?

ಎರಡನೇ ತೀರ್ಮಾನ ರಾಜಿ. ಅವರ ಆರೂ ಆಟಗಾರರ ಗುರುವಾರದ ಸ್ಕೋರ್ ಬಿಟ್ಟು, ಅದರ ಜಾಗಕ್ಕೆ ಅವತ್ತು ಆಡಿದವರೆಲ್ಲರ ಸರಾಸರಿ ಹಾಕುವುದು. ಲೆಕ್ಕದಲ್ಲಿ ಬಹಳ ನ್ಯಾಯವಾಗಿ ಕಂಡಿತು. ಪೆಟ್ರೋಲ್ ಬಂಕ್‌ನಲ್ಲಿದ್ದ ಅವರಿಗೆ ಫೋನ್ ಮಾಡಿದೆ. ಹಿಂದಿನಿಂದ ಜೀಪಿನ ಟಾರ್ಪಲ್ ಮೇಲೆ ಮಳೆ ಬೀಳುವ ಸದ್ದು ಕೇಳುತ್ತಿತ್ತು. ಅವರು ಪೂರ್ತಿ ಕೇಳಿಸಿಕೊಂಡು ಹೇಳಿದರು: “ಅದಕ್ಕೆ ಒಪ್ಪಿದ್ರೆ ನಾನು ನೋಡ್ಕೊಂಡೇ ಬರ್ದಿದ್ದೀನಿ ಅಂತ ಒಪ್ಕೊಂಡ ಹಾಗಲ್ವೇನಪ್ಪ? ಇಟ್ಕೊಳ್ಳಿ, ಇಲ್ಲ ಪೂರ್ತಿ ತೆಗೀರಿ.” ಆಮೇಲೆ ಅವರು ತೋಟಕ್ಕೆ ಹೊರಟರು. ಮತ್ತೆ ಸಿಗ್ನಲ್ ಇಲ್ಲ.

ಆ ಫೋನಿನಲ್ಲಿ ನಾನು ಕೇಳಬೇಕಾಗಿದ್ದ ಪ್ರಶ್ನೆ ಒಂದೇ: “ಅಣ್ಣ, ಯಾವಾಗ ಆರಿಸಿದ್ರಿ?” ಅದನ್ನು ಕೇಳಲೇ ಇಲ್ಲ. ಕೇಳಿದರೆ ಅವಮಾನ ಅಂದುಕೊಂಡು ಸುಮ್ಮನಿದ್ದೆ. ಕೇಳದೆ ಇದ್ದದ್ದೇ ದೊಡ್ಡ ಅವಮಾನ ಆಯಿತು.

ಮೂರನೆಯದು, ರಾತ್ರಿ 9:15ಕ್ಕೆ ಗುಂಪಿನಲ್ಲಿ ವೋಟಿಗೆ ಹಾಕಿದ್ದು. ಬೇಕು, ಬೇಡ, ಎರಡೇ ಆಯ್ಕೆ. ಯಾರು ಎಲ್ಲಿ ಒತ್ತಿದರು ಅನ್ನುವುದು ವಾಟ್ಸಾಪ್‌ನಲ್ಲಿ ಎಲ್ಲರಿಗೂ ಕಾಣುತ್ತದೆ. ಇಬ್ಬರು ಒತ್ತಲೇ ಇಲ್ಲ. ನಾಲ್ಕು–ನಾಲ್ಕು ಆಗಿ ನಿಂತಿತು. ಉಳಿದದ್ದು ನಾನು. ಜಗಳ ಮುಗಿದರೆ ಸಾಕಾಗಿತ್ತು. “ಬೇಡ” ಒತ್ತಿದೆ. ಸಂಜೆ ನಾಲ್ಕಕ್ಕೆ ನಾನೇ ಸರಿ ಅಂದದ್ದನ್ನು ರಾತ್ರಿ ನಾನೇ ತಪ್ಪು ಅಂದ ಹಾಗಾಯಿತು. ಯಾರ ವಿಷಯವೋ ಅವರು ಅಲ್ಲಿರಲಿಲ್ಲ. ಶನಿವಾರ ಟವರ್ ಬಂದಾಗ ಅವರು ಅದನ್ನು ನೋಡಿದರು. ಒಂದು ಮಾತೂ ಬರೆಯದೆ ಗುಂಪು ಬಿಟ್ಟರು.

ಭಾನುವಾರ ಸ್ಕಾಟಿ ಶೆಫ್ಲರ್ 17 ಅಂಡರ್‌ನಲ್ಲಿ, ನಾಲ್ಕು ಸ್ಟ್ರೋಕ್ ಅಂತರದಿಂದ ಗೆದ್ದರು. ಯಾರೂ ಅದರ ಬಗ್ಗೆ ಒಂದು ಸಾಲು ಬರೆಯಲಿಲ್ಲ. ಮೂರು ವರ್ಷದಲ್ಲಿ ಮೊದಲ ಸಲ ಭಾನುವಾರ ರಾತ್ರಿ ನಮ್ಮ ಗುಂಪು ಅಷ್ಟು ತಣ್ಣಗಿತ್ತು. ಏಳನೇ ನಂಬರ್ ಐರನ್ ಡಾಕ್ಟ್ರ ಪಾಲಾಯಿತು. ಅವರು ತೆಗೆದುಕೊಂಡು ಹೋಗಲಿಲ್ಲ, ನಮ್ಮ ಮನೆಯಲ್ಲೇ ಉಳಿಯಿತು.

ಸೋಮವಾರ ನಾನು ಸುಮ್ನೆ ಕೂತು ತೋಟದವರ ಪಟ್ಟಿಯನ್ನೂ ಸೇರಿಸಿ ಲೆಕ್ಕ ಹಾಕಿ ನೋಡಿದೆ. ಆ ಟೂರ್ನಿಯಲ್ಲಿ ಡಾಕ್ಟ್ರದು 33 ಅಂಡರ್, ತೋಟದವರದು 29 ಅಂಡರ್ ಆಗುತ್ತಿತ್ತು. ವರ್ಷದ ಒಟ್ಟು ಸೇರಿಸಿದರೆ ಡಾಕ್ಟ್ರು 37, ತೋಟದವರು 38. ಒಂದು ಸ್ಟ್ರೋಕ್‌ನಿಂದ ಐರನ್ ತೋಟದವರದು. ಎಲ್ಲರೂ ಬೊಟ್ಟು ಮಾಡಿದ್ದ ಆ ಕೊನೆಯ ಗುಂಪಿನ ಆಟಗಾರ ಅವರ ಆರರಲ್ಲಿ ಐದನೆಯವನು. ಲೆಕ್ಕಕ್ಕೆ ಬಂದ ನಾಲ್ವರಲ್ಲಿ ಅವನಿರಲೇ ಇಲ್ಲ. ನಾವು ಜಗಳ ಆಡಿದ್ದು ಲೆಕ್ಕಕ್ಕೇ ಇಲ್ಲದ ಹೆಸರಿಗೆ.

ಅದೇ ದಿನ ಶೀಟ್‌ನ ಹಳೆಯ ತಿದ್ದುಪಡಿಗಳನ್ನು ತೆರೆದೆ. ಯಾರು ಯಾವಾಗ ಏನು ಬದಲಿಸಿದರು ಅನ್ನುವುದು ಅಲ್ಲಿ ನಿಮಿಷ ಸಮೇತ ಇರುತ್ತದೆ. ಗುರುವಾರ ಬೆಳಗ್ಗೆ 11:22ಕ್ಕೆ ಒಂದು ಹೆಸರು ಬದಲಾಗಿತ್ತು. ಅದು ನನ್ನ ಪಟ್ಟಿ. ತಿಂಡಿ ಮುಗಿಸಿ ಕೂತಾಗ ಮೂರನೇ ಗುಂಪಿನವನನ್ನು ಬದಲಿಸಿದ್ದೆ, ಮರೆತೂ ಹೋಗಿತ್ತು. ಆಟ ಶುರುವಾಗಿ ಹದಿನೇಳು ನಿಮಿಷ ಆಗಿತ್ತು. ಯಾರೂ ನನ್ನನ್ನು ಕೇಳಲಿಲ್ಲ. ಎಲ್ಲರೂ ಪಟ್ಟಿಯನ್ನು ನನಗೆ ಕಳಿಸುತ್ತಿದ್ದರು, ನನ್ನ ಪಟ್ಟಿ ಮಾತ್ರ ಯಾರಿಗೂ ಹೋಗುತ್ತಿರಲಿಲ್ಲ. ಅವರ ಪಟ್ಟಿ ತೆಗೆಯಲು ವೋಟು ಹಾಕಿದ ನಾನು ಅದೇ ತಪ್ಪಿನೊಳಗೆ ಕೂತಿದ್ದೆ. ಆ ಸಾಲನ್ನು ನೋಡುತ್ತಾ ಬಹಳ ಹೊತ್ತು ಕೂತೆ.

ಆಗಸ್ಟ್ ಮೊದಲ ವಾರ ಮಳೆ ಸ್ವಲ್ಪ ಬಿಟ್ಟಾಗ ತೋಟಕ್ಕೆ ಹೋದೆ. ಅವರ ಮನೆಯವರು ಕಾಫಿ ಕೊಟ್ಟರು. ನಾನು ಜಗುಲಿಯಲ್ಲಿ ಕೂತು ಎಲ್ಲ ಹೇಳಿದೆ. 11:22ರ ವಿಷಯವನ್ನೂ ಹೇಳಿದೆ. ಅವರು ಏನೂ ಅನ್ನಲಿಲ್ಲ. ಪಕ್ಕದ ಮೇಜಿನ ಮೇಲೆ ಮಳೆ ಪುಸ್ತಕ ಇತ್ತು. ತೋಟದವರ ಮನೆಗಳಲ್ಲಿ ಇದು ಇದ್ದೇ ಇರುತ್ತದೆ. ದಿನಾ ಬೆಳಗ್ಗೆ ಎಂಟಕ್ಕೆ ರೈನ್ ಗೇಜ್ ನೋಡಿ ಎಷ್ಟು ಇಂಚು, ಎಷ್ಟು ಸೆಂಟ್ಸ್ (ಇಂಚಿನ ನೂರನೇ ಭಾಗ) ಅಂತ ಬರೆಯುತ್ತಾರೆ. ಜುಲೈನಲ್ಲಿ ಎಷ್ಟಾಯಿತು ಅಂತ ನೋಡಲು ಪುಟ ತಿರುಗಿಸಿದೆ.

16ನೇ ತಾರೀಕು, 1 ಇಂಚು 85 ಸೆಂಟ್ಸ್. ಅದರ ಕೆಳಗೆ ನೀಲಿ ಪೆನ್ನಿನಲ್ಲಿ, ಕನ್ನಡದಲ್ಲಿ, ಆರು ಹೆಸರು. ಪಕ್ಕದಲ್ಲಿ 272 ಅಂತ, ಗೆದ್ದವನ ಸ್ಟ್ರೋಕ್ ಊಹೆ. ಅದರ ಕೆಳಗೆ 17ನೇ ತಾರೀಕು, 3 ಇಂಚು 10 ಸೆಂಟ್ಸ್. ಹೆಸರುಗಳು ನಾಲ್ಕು ಗೆರೆ ತಿಂದಿದ್ದರಿಂದ 17ರ ಸಾಲು ಕೆಳಗೆ ಜರುಗಿತ್ತು. 18, 19, 20 ಮತ್ತೆ ಒಂದೊಂದೇ ಗೆರೆಯಲ್ಲಿ ಇಳಿದಿದ್ದವು. ಆಮೇಲೆ ತುರುಕಿ ಬರೆಯಲು ಅಲ್ಲಿ ಜಾಗವೇ ಇರುವುದಿಲ್ಲ. ಗುರುವಾರ ಬೆಳಗ್ಗೆ ಎಂಟಕ್ಕೆ ಮಳೆ ಲೆಕ್ಕ ಬರೆಯುವ ಮುಂಚೆ ಆ ಹೆಸರುಗಳು ಅಲ್ಲಿದ್ದವು.

“ಇದನ್ನ ಒಂದು ಫೋಟೋ ತೆಗೆದು ಕಳಿಸಿದ್ರೆ ಆಗ್ತಿತ್ತಲ್ಲ ಅಣ್ಣ” ಅಂದೆ.

“ಬಾಯಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ ಅಂದ್ಮೇಲೆ ಪುಸ್ತಕ ಯಾಕೆ ತೋರಿಸ್ಬೇಕು? ನೀನು ಕೇಳಿದ್ರೆ ಹೇಳ್ತಿದ್ದೆ. ಕೇಳ್ಲಿಲ್ಲ.”

ಊರಿಗೆ ಬಂದು ಗುಂಪಿನಲ್ಲಿ ಉದ್ದಕ್ಕೆ ಬರೆದೆ. ನಿಯಮ ನಾನು ಬರೆದದ್ದು, ತೂತು ನನ್ನದು, ಅದರ ದಂಡ ನಿಯಮ ಪಾಲಿಸಿದವರ ತಲೆಗೆ ಕಟ್ಟಿದ್ದೂ ನಾನು. 11:22ನ್ನೂ ಬರೆದೆ. ಎರಡೂ ಲೆಕ್ಕ ಹಾಕಿದೆ, 37 ಮತ್ತು 38. ಮಳೆ ಪುಸ್ತಕದ ಬಗ್ಗೆ ಮಾತ್ರ ಬರೆಯಲಿಲ್ಲ. ಸಾಕ್ಷಿ ಸಿಕ್ಕಿದ್ದಕ್ಕೆ ತೀರ್ಮಾನ ಬದಲಾಯಿತು ಅಂತ ಯಾರಿಗೂ ಅನ್ನಿಸಬಾರದು. ಸಾಕ್ಷಿ ಇರಲಿ ಬಿಡಲಿ, ಆ ಪಟ್ಟಿ ನಡೆಯಬೇಕಿತ್ತು. ಪುಸ್ತಕದ ವಿಷಯ ಇಲ್ಲಿ ಬರೆಯುತ್ತಿರುವುದು ಅವರು ಹೂಂ ಅಂದಿದ್ದಕ್ಕೆ.

ವೋಟಿನ ಬಗ್ಗೆ ಬಹಳ ಯೋಚಿಸಿದ್ದೇನೆ. ಮುಂದಿನ ಟೂರ್ನಿಗೆ ಗಡುವು ಎಷ್ಟಕ್ಕೆ ಇಡೋಣ ಅಂತ ಕೇಳಲು ವೋಟು ಒಳ್ಳೆಯದು. ಆಗಿಹೋದ ಒಂದು ವಿಷಯದಲ್ಲಿ ಒಬ್ಬ ಮನುಷ್ಯನನ್ನು ನಂಬುತ್ತೀರಾ ಅಂತ ಕೇಳಲು ಅದನ್ನು ಬಳಸಬಾರದು. ಪ್ರಶ್ನೆಯನ್ನು ನಾನು ಹಾಗೆ ಇಟ್ಟಿರಲಿಲ್ಲ, ಆದರೆ ಪರದೆ ಮೇಲೆ ಐದು ಹೆಸರು ಸಾಲಾಗಿ ಕಂಡಾಗ ಅವರಿಗೆ ಕೇಳಿಸಿದ್ದು ಅದೇ.

ಈಗ ನಿಯಮ ಬದಲಾಗಿದೆ. ನಾಲ್ಕು ಟೂರ್ನಿಗೂ ಗಡುವು ಬುಧವಾರ ರಾತ್ರಿ ಒಂಬತ್ತು. ಜಗತ್ತಿನ ಯಾವ ಮೂಲೆಯಲ್ಲಿ ನಡೆದರೂ ಆ ಹೊತ್ತಿಗೆ ಆಟ ಶುರುವಾಗಿರುವುದಿಲ್ಲ. ಮೆಸೇಜ್ ಆಗದಿದ್ದರೆ ಫೋನಿನಲ್ಲಿ ಹೇಳಬಹುದು, ಪೇಟೆಗೆ ಹೋಗುವವರ ಕೈಲಿ ಚೀಟಿ ಕಳಿಸಬಹುದು. ಪಟ್ಟಿ ಬರುವುದು ನನಗಲ್ಲ, ಮೇಷ್ಟ್ರಿಗೆ. ಅದಕ್ಕಾಗಿ ಅವರು ತಾವು ಆಡುವುದನ್ನೇ ಬಿಟ್ಟರು. ಆಡುವವನು ತೀರ್ಪು ಕೊಡಬಾರದು ಅಂತ ಹೇಳಿದ್ದೂ ಅವರೇ. ನಡುವೆ ತೂತು ಕಂಡರೆ ಆ ಟೂರ್ನಿ ಇದ್ದ ನಿಯಮದಲ್ಲೇ ಮುಗಿಯುತ್ತದೆ, ತಿದ್ದುಪಡಿ ಮುಂದಿನದಕ್ಕೆ.

ಕ್ಯೂರಿಂಗ್‌ನವರು ಮಾತ್ರ ಈಗಲೂ ಒಪ್ಪಿಲ್ಲ. ಐದು ಗಂಟೆ ಅಂದರೆ ಆಟ ಶುರುವಾಗುವ ಮುಂಚೆ ಅಂತಲೇ ಅರ್ಥ, ಅದು ಎಲ್ಲರಿಗೂ ಗೊತ್ತಿತ್ತು ಅನ್ನುತ್ತಾರೆ. ನನಗೆ ಅವರ ಮೇಲೆ ಬೇಸರ ಇಲ್ಲ. ಅವರು ಕೇಳದೆ ಇದ್ದಿದ್ದರೆ ಆ ತೂತು ಇನ್ನೂ ಹಾಗೇ ಇರುತ್ತಿತ್ತು. ತೋಟದವರೂ ಅವರೂ ಸಂತೆಯಲ್ಲಿ ಸಿಕ್ಕರೆ ಮಾತಾಡುತ್ತಾರೆ, ಮೊದಲಿನಷ್ಟು ಹೊತ್ತು ನಿಲ್ಲುವುದಿಲ್ಲ.

ಡಾಕ್ಟ್ರು ಸೆಪ್ಟೆಂಬರ್‌ನಲ್ಲಿ ನಮ್ಮ ಮನೆಯಿಂದ ಐರನ್ ತೆಗೆದುಕೊಂಡು ತೋಟಕ್ಕೇ ಹೋದರು. ತೋಟದವರು ಮುಟ್ಟಲಿಲ್ಲ. “ವೋಟು ಹಾಕಿ ತೀರ್ಮಾನ ಮಾಡಿದ್ದೀರ, ನಿಮ್ಮನೇಲೇ ಇರ್ಲಿ ಡಾಕ್ಟ್ರೇ” ಅಂದರು. ಡಾಕ್ಟ್ರು ಅದನ್ನು ಮನೆಗೆ ಒಯ್ಯಲಿಲ್ಲ, ಮೇಷ್ಟ್ರಿಗೆ ಕೊಟ್ಟರು. ಈಗ ಅದು ಮೇಷ್ಟ್ರ ಮನೆಯ ಬಾಗಿಲ ಹಿಂದೆ, ಕೊಡೆಗಳ ಜೊತೆ ನಿಂತಿದೆ. ತೋಟದವರು ಗುಂಪಿಗೆ ವಾಪಸ್ ಬಂದಿದ್ದಾರೆ. ಮುಂದಿನ ಮಾಸ್ಟರ್ಸ್‌ಗೆ ಆಡ್ತೀರಾ ಅಂತ ಕೇಳಿದೆ. ಕಾಫಿ ಗಿಡಕ್ಕೆ ಹೂ ತರಿಸುವ ಬೇಸಿಗೆ ಮಳೆಯನ್ನು ತೋಟದವರು ಕಾಯುವುದೂ ಅದೇ ಹೊತ್ತಿಗೆ.

“ಹೂಮಳೆ ನೋಡ್ಕೊಂಡು ಹೇಳ್ತೀನಿ” ಅಂದರು.